ಡಯಾಲಿಸಿಸ್ ಮತ್ತು ಮೂತ್ರಪಿಂಡದ ಕಸಿ: ತಾರತಮ್ಯವಿಚಾರ

ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಮೂತ್ರಪಿಂಡಕ್ಕೆ ‘ವೃಕ್ಕ’ವೆಂದು ಹೆಸರು. ಚರಕಸಂಹಿತೆಯು ವೃಕ್ಕಗಳನ್ನು ಕೋಷ್ಠಾಂಗಗಳಲ್ಲಿ ಎಣಿಸಿದೆ. ಆದರೆ ಅವನ್ನು ಮೇದೋವಹಸ್ರೋತಸ್ಸುಗಳ ಮೂಲವೆಂದು ಹೇಳಿ, ಮೂತ್ರವಹಸ್ರೋತಸ್ಸುಗಳ ಮೂಲವನ್ನು ಬಸ್ತಿ ವಂಕ್ಷಣಗಳಲ್ಲಿ ಇರಿಸಿದೆ. ಹೀಗಿರಲು, ಈ ಅಂಗದ ಕಾರ್ಯವೆಲ್ಲವನ್ನೂ ಪ್ರಾಚೀನರು ಬಲ್ಲವರಾಗಿದ್ದರೆಂದು ಕೆಲವರು ಸಾಧಿಸಹೊರಡುವುದು ಗ್ರಂಥಕ್ಕೆ ಮಾಡುವ ಉಪಕಾರವಲ್ಲ. ಈಗಿನ ‘ಮೂತ್ರಪಿಂಡ’ ಶಬ್ದವಾದರೋ ಬೇರೊಂದು ಭ್ರಾಂತಿಗೆ ಎಡೆಗೊಡುವುದು. ಮೂತ್ರವನ್ನು ಉಂಟುಮಾಡುವುದೇ ಇದರ ಏಕಮಾತ್ರ ಕಾರ್ಯವೆಂದು ತಿಳಿದವರಿಗೆ, ಡಯಾಲಿಸಿಸ್ಸಿಗೂ ಕಸಿಗೂ ಇರುವ ಭೇದವು ಕೇವಲ ಅನುಕೂಲದ ಭೇದವಾಗಿ ತೋರುವುದು. ವಾಸ್ತವದಲ್ಲಿ ಅದು ಹಾಗಲ್ಲ.

ಆರೋಗ್ಯವಂತನ ಮೂತ್ರಪಿಂಡಗಳೆರಡೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೇ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುವುವು. ಇಷ್ಟೇ ಅಲ್ಲ. ಎಲುಬಿನ ಮಜ್ಜೆಯಲ್ಲಿ ಕೆಂಪುರಕ್ತಕಣಗಳು ಹುಟ್ಟುವಂತೆ ಪ್ರೇರಿಸುವ ಎರಿಥ್ರೊಪೊಯೆಟಿನ್ ಎಂಬ ರಸವನ್ನು ಇವೇ ಸ್ರವಿಸುವುವು. ‘ಡಿ’ ಜೀವಸತ್ವವನ್ನು ಎಲುಬುಗಳಿಗೆ ಉಪಯುಕ್ತವಾಗುವ ರೂಪಕ್ಕೆ ತರುವುವು. ರಕ್ತದ ಒತ್ತಡವನ್ನೂ ಲವಣಗಳ ಪ್ರಮಾಣವನ್ನೂ ಹಗಲಿರುಳೆನ್ನದೆ ಕಾಯುತ್ತಿರುವುವು.

‘ಡಯಾಲಿಸಿಸ್’ ಎಂಬುದು ಬಿಡಿಸುವುದು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಶಬ್ದ. ಸೂಕ್ಷ್ಮರಂಧ್ರಗಳುಳ್ಳ ಪೊರೆಯ ಮೂಲಕ ದ್ರಾವಣದೊಳಗಿನ ವಸ್ತುಗಳನ್ನು ಬೇರ್ಪಡಿಸುವ ಕ್ರಮಕ್ಕೆ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ 1861ರಲ್ಲಿ ಈ ಹೆಸರನ್ನಿಟ್ಟನು. ಮನುಷ್ಯರಲ್ಲಿ ಇದು ಫಲಕಾರಿಯಾದುದು ಯುದ್ಧಕಾಲದ ಹಾಲೆಂಡಿನಲ್ಲಿ. ಅಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯನು 1943ರಲ್ಲಿ ಸೆಲೊಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ಯಂತ್ರವನ್ನು ರಚಿಸಿದನು. 1945ರಲ್ಲಿ ಮೊದಲ ರೋಗಿಯು ಬದುಕುಳಿಯುವ ಮುನ್ನ ಹಲವರು ಮೃತರಾಗಿದ್ದರು. ಈಗಿನ ಕ್ರಮದಲ್ಲಿ ರೋಗಿಯ ತೋಳಿನ ಧಮನಿಯನ್ನೂ ಸಿರೆಯನ್ನೂ ಶಸ್ತ್ರಕ್ರಿಯೆಯಿಂದ ಕೂಡಿಸಿ, ಅಲ್ಲಿಂದ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಶುದ್ಧಿಗೊಳಿಸಿ ಹಿಂದಿರುಗಿಸುವರು. ವಾಡಿಕೆಯಂತೆ ವಾರಕ್ಕೆ ಮೂರು ಬಾರಿ, ಪ್ರತಿಬಾರಿಯೂ ನಾಲ್ಕು ಗಂಟೆಗಳ ಕಾಲ. ಅಂದರೆ ವಾರದ 168 ಗಂಟೆಗಳಲ್ಲಿ 12 ಗಂಟೆ ಮಾತ್ರ ಶೋಧನೆ. ಉಳಿದ 156 ಗಂಟೆ ಸಂಚಯ. ರೋಗಿಯು ನೀರನ್ನು ಅಳೆದು ಕುಡಿಯಬೇಕಾಗುವುದೂ, ಬಾಳೆಯಹಣ್ಣು ಎಳನೀರುಗಳಂಥ ಪೊಟ್ಯಾಸಿಯಂಯುಕ್ತ ಪದಾರ್ಥಗಳಿಗೆ ಅಂಜಬೇಕಾಗುವುದೂ ಇದರಿಂದಲೇ. ಉದರದ ಪೊರೆಯನ್ನೇ ಶೋಧಕವಾಗಿ ಬಳಸಿ ಮನೆಯಲ್ಲಿಯೇ ನಡೆಸಬಹುದಾದ ಇನ್ನೊಂದು ವಿಧವೂ ಉಂಟು. ಅದು ಹೆಚ್ಚು ನಿರಂತರವಾದುದು, ಆದರೆ ಸೋಂಕಿನ ಭಯವುಳ್ಳದು. ಎರಡರಲ್ಲಿಯೂ ಎರಿಥ್ರೊಪೊಯೆಟಿನ್ನಿನ ಕೊರತೆಯನ್ನು ಔಷಧದಿಂದಲೇ ತುಂಬಬೇಕು.

ಕಸಿಯಾದರೋ ಅಂಗದ ಬಹುಪಾಲು ಕಾರ್ಯಗಳನ್ನು ಒಟ್ಟಿಗೇ ಮರಳಿಸುವುದು. ಈ ಶಬ್ದವು ತೋಟಗಾರನಿಂದ ಬಂದುದು; ಆದರೆ ಮಾವಿಗೆ ಮಾವಿನ ಕಸಿ ಒಮ್ಮೆ ಹತ್ತಿತೆಂದರೆ ಹತ್ತಿತು, ಮನುಷ್ಯದೇಹವಾದರೋ ಪರಕೀಯವಾದುದನ್ನು ಎಂದಿಗೂ ಮರೆಯದು. 1954ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ನಡೆಸಿದ ಕಸಿಯು ಸಫಲವಾದುದಕ್ಕೆ ದಾತೃವೂ ಗ್ರಹೀತೃವೂ ಏಕರೂಪದ ಅವಳಿಗಳಾಗಿದ್ದುದೇ ಕಾರಣ. ಇತರರಲ್ಲಿ ದೇಹದ ಪ್ರತಿರೋಧಶಕ್ತಿಯನ್ನು ಔಷಧಗಳಿಂದ ತಗ್ಗಿಸಬೇಕು. ಹೊಸ ಪಿಂಡವು ಕೆಲಸಮಾಡುತ್ತಿರುವವರೆಗೂ ಈ ಔಷಧಗಳನ್ನು ಬಿಡುವಂತಿಲ್ಲ. ಅವುಗಳಿಂದ ಸೋಂಕುಗಳೂ ಕೆಲವು ಅರ್ಬುದಗಳೂ ಸುಲಭವಾಗಿ ತಗಲುವುವು. ಕಸಿಯ ಪಿಂಡವೂ ಶಾಶ್ವತವಲ್ಲ. ಅದು ಸೋತಾಗ ರೋಗಿಯು ಪುನಃ ಯಂತ್ರವನ್ನೇ ಆಶ್ರಯಿಸುವನು.

ಹಾಗಾದರೆ ಯಾವುದು ಮೇಲು? ಕಸಿಮಾಡಿಸಿಕೊಂಡವರು ಹೆಚ್ಚುಕಾಲ ಬದುಕುವರೆಂದು ತೋರಿಸಿದ ಮಾತ್ರಕ್ಕೆ ಕಸಿಯ ಮೇಲ್ಮೆ ಸಿದ್ಧಿಸದು. ವಯಸ್ಸಿನಲ್ಲಿ ಚಿಕ್ಕವರೂ ಹೃದಯ ಬಲವಾಗಿರುವವರೂ ಅದಕ್ಕೆ ಆಯ್ಕೆಯಾಗುವರಾದ್ದರಿಂದ ಆ ಹೇತುವು ತಾರ್ಕಿಕರು ಹೇಳುವ ಹೇತ್ವಾಭಾಸವಾಗುವುದು. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ದೋಷವನ್ನು ಪರಿಹರಿಸಲು, ಮೃತದಾತೃಗಳ ಪಿಂಡವನ್ನು ಪಡೆದವರನ್ನು, ಯೋಗ್ಯರೆಂದೆಣಿಸಲ್ಪಟ್ಟು ಸರದಿಯಲ್ಲಿ ಕಾದಿದ್ದ ಡಯಾಲಿಸಿಸ್ ರೋಗಿಗಳೊಡನೆಯೇ ಹೋಲಿಸಿತು. ಕಸಿಯ ಮೊದಲ ಎರಡು ವಾರಗಳಲ್ಲಿ ಮರಣದ ಅಪಾಯವು ಕಾಯುತ್ತಿದ್ದವರದಕ್ಕಿಂತ 2.8 ಪಟ್ಟು ಅಧಿಕ. ಹದಿನೆಂಟು ತಿಂಗಳು ಕಳೆಯುವಷ್ಟರಲ್ಲಿ ಅದು ಅವರದರ ಮೂರನೆಯ ಒಂದು ಭಾಗಕ್ಕಿಳಿದಿತ್ತು. ಆದಕಾರಣ ಶಸ್ತ್ರಕ್ರಿಯೆಯನ್ನು ತಾಳಬಲ್ಲವನಿಗೆ ಕಸಿಯೇ ಶ್ರೇಯಸ್ಕರ. ಹೃದಯ ತೀರ ದುರ್ಬಲವಾಗಿರುವವನಿಗೂ, ವಾಸಿಯಾಗದ ಅರ್ಬುದವಿರುವವನಿಗೂ ಈ ಮಾತು ಸಲ್ಲದು. ಅಂಥವರಿಗೆ ಡಯಾಲಿಸಿಸ್ಸು ಕೀಳುಪಾಯವಲ್ಲ, ಅದೇ ಪ್ರಾಣಾಧಾರ.

ಇಷ್ಟಾದರೂ ಮುಖ್ಯವಾದ ಭೇದವೊಂದು ಉಳಿಯಿತು. ಯಂತ್ರಕ್ಕೆ ದಾತೃ ಬೇಡ, ಕಸಿಗೆ ಬೇಕು. ಭಾರತದ 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಅಂಗಗಳ ಕ್ರಯವಿಕ್ರಯವನ್ನು ದಂಡನಾರ್ಹವೆಂದು ವಿಧಿಸಿ, ಜೀವಂತದಾನವನ್ನು ಮುಖ್ಯವಾಗಿ ಹತ್ತಿರದ ಸಂಬಂಧಿಗಳಿಗೆ ಮಿತಗೊಳಿಸಿತು. ಮಿದುಳು ಸತ್ತವರಿಂದ ಅಂಗಗಳನ್ನು ಪಡೆಯುವುದಕ್ಕೂ ಮಾರ್ಗಮಾಡಿತು. ಕರ್ನಾಟಕದಲ್ಲಿ ಈ ಎರಡನೆಯ ವಿಧದ ದಾನವನ್ನು ಹೊಂದಿಸಿಕೊಡುವ ಸರ್ಕಾರಿ ಸಂಸ್ಥೆಗೆ ‘ಜೀವಸಾರ್ಥಕತೆ’ಯೆಂದು ಹೆಸರು. ಶಬ್ದವು ಉಚಿತವಾಗಿಯೇ ಇದೆ. ಆದರೆ ನಮ್ಮ ದೇಶದಲ್ಲಿ ಈಗಲೂ ಬಹುಪಾಲು ಪಿಂಡಗಳು ಬದುಕಿರುವವರಿಂದಲೇ ಬರುವುವು. ಹಾಗೆ ಕೊಡುವವರಲ್ಲಿ ತಾಯಂದಿರೂ ಪತ್ನಿಯರೂ ಸೋದರಿಯರೂ ಅಧಿಕ. ಪಡೆಯುವವರಲ್ಲಿ ಪುರುಷರು ಅಧಿಕ. ಧರ್ಮಶಾಸ್ತ್ರಕಾರರು ಭಯದಿಂದಲೋ ಬಲಾತ್ಕಾರದಿಂದಲೋ ಕೊಟ್ಟುದನ್ನು ದಾನವೆಂದು ಒಪ್ಪುವುದಿಲ್ಲ. ಮನೆಯ ಹಿರಿಯರೆಲ್ಲ ಸುತ್ತ ಕುಳಿತಿರುವಾಗ ಸೊಸೆಯು ಆಡಿದ ‘ಆಗಲಿ’ ಎಂಬ ಮಾತು ಇವೆರಡರಲ್ಲಿ ಯಾವುದಕ್ಕೂ ಸೇರಿದುದಲ್ಲವೆಂದು ನಿರ್ಣಯಿಸುವ ಭಾರ ಅನುಮತಿ ನೀಡುವ ವೈದ್ಯರ ಮೇಲಿದೆ. ಅವರು ಆಕೆಯನ್ನು ಏಕಾಂತದಲ್ಲಿ ಕರೆದು ಕೇಳುವುದು ಅದಕ್ಕಾಗಿಯೇ.