ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆರಳು?

ಹೋದ ವರ್ಷ ನಮ್ಮ ಅಮ್ಮಿ ಗೃಹಲಕ್ಷ್ಮಿ ಹಣ ತೆಗೆಯಲು ಹೆಬ್ಬೆಟ್ಟಿನ ಯಂತ್ರವಿದ್ದ ಒಂದು ಅಂಗಡಿಗೆ ಹೋಗಿದ್ದರು. ಎರಡು ತಿಂಗಳ ಹಣ ಒಟ್ಟಿಗೆ ಜಮೆಯಾಗಿತ್ತು, ಅವರಿಗೆ ಬೇಕಿದ್ದದ್ದು ಒಂದೇ ತಿಂಗಳದ್ದು. ಹೊಲಿಗೆ ಕೆಲಸದಿಂದ ಅವರ ಬೆರಳು ಸವೆದಿವೆ. "ಬರಲಿಲ್ಲಮ್ಮ, ಇನ್ನೊಮ್ಮೆ ಒತ್ತ್ರಿ" ಅಂದರಂತೆ. ಅಮ್ಮಿ ಮೂರು ಸಲ ಒತ್ತಿದರು. ಕೈಗೆ ಬಂದದ್ದು 2,000 ರೂಪಾಯಿ. ವಾರದ ನಂತರ ನಾನು ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಒಂದೇ ದಿನ 2,000 ರೂಪಾಯಿ ಎರಡು ಸಲ ಡೆಬಿಟ್ ಆಗಿತ್ತು. ರಸೀದಿ ಇರಲಿಲ್ಲ. ಮೊಬೈಲ್ ನಂಬರ್ ಜೋಡಿಸದ ಕಾರಣ ಮೆಸೇಜ್ ಕೂಡ ಬಂದಿರಲಿಲ್ಲ. ಅಮ್ಮಿಗೆ ಉರ್ದು ಓದಲು ಬರುತ್ತದೆ, ಆದರೆ ಯಂತ್ರದ ಪರದೆಯ ಮೇಲೆ ಇದ್ದದ್ದು ಇಂಗ್ಲಿಷ್. ಬ್ಯಾಂಕಿಗೆ ಅರ್ಜಿ ಬರೆದುಕೊಟ್ಟೆವು. ಹಣ ಇನ್ನೂ ಬಂದಿಲ್ಲ.

ಆವತ್ತಿನಿಂದ ಈ ವಿಷಯ ಓದತೊಡಗಿದೆ. ಬೆರಳಚ್ಚು, ಮುಖ, ಕಣ್ಣಿನ ಪಾಪೆ ಇವುಗಳಿಂದ ನಮ್ಮನ್ನು ಗುರುತಿಸುವುದೇ ಬಯೋಮೆಟ್ರಿಕ್. ನಮ್ಮ ಫೋನಿನ ಬೆರಳು ಲಾಕ್ ಸಾಮಾನ್ಯವಾಗಿ ಬೆರಳಿನ ಚಿತ್ರವನ್ನು ಇಟ್ಟುಕೊಳ್ಳುವುದಿಲ್ಲ. ಅದರಿಂದ ತಯಾರಿಸಿದ ಒಂದು ಲೆಕ್ಕದ ಗುರುತು ಫೋನಿನೊಳಗಿನ ಸುರಕ್ಷಿತ ಭಾಗದಲ್ಲಿಯೇ ಉಳಿಯುತ್ತದೆ. ಆಧಾರ್ ಹಾಗಲ್ಲ. ಅಲ್ಲಿ ಯಂತ್ರ ಪಡೆದ ಬೆರಳಚ್ಚು ದೂರದ ಕೇಂದ್ರಕ್ಕೆ ಹೋಗಿ ಹೊಂದಾಣಿಕೆಯಾಗಿ ಬರುತ್ತದೆ. ಅಂಗಡಿಯ ಯಂತ್ರದಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು ಸಾಕು. ಎಟಿಎಂ ಕಾರ್ಡ್ ಬೇಡ, ಒಟಿಪಿ ಬೇಡ. ಬ್ಯಾಂಕ್ ದೂರವಿರುವ ಹಳ್ಳಿಗಳಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಅಪಾಯ ಇರುವುದೂ ಅಲ್ಲಿಯೇ.

2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಹೀಗೆಯೇ ಒಟಿಪಿ ಇಲ್ಲದೆ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಇರುತ್ತಿದ್ದವು. ಅವುಗಳಿಂದ ಬೆರಳಿನ ನಕಲು ಮಾಡಿದ್ದರೆಂದು ಪೊಲೀಸ್ ತನಿಖೆಯಲ್ಲಿ ಕಂಡುಬಂತು. ಆಮೇಲೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಸರ್ಕಾರ ಕ್ರಮ ಕೈಗೊಂಡಿತು. ಪಾಸ್‌ವರ್ಡ್ ಕಳುವಾದರೆ ಹೊಸದು ಇಡಬಹುದು. ಬೆರಳಚ್ಚು ಕಳುವಾದರೆ ಹೊಸ ಬೆರಳು ತರುವುದೆಲ್ಲಿಂದ?

ಈ ಹಕ್ಕಿಗಾಗಿ ಹೋರಾಡಿದವರಲ್ಲಿ ನಮ್ಮ ರಾಜ್ಯದವರೂ ಒಬ್ಬರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 80 ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತು. ಆದರೆ ಸಿಮ್‌ಗೂ ಬ್ಯಾಂಕ್ ಖಾತೆಗೂ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದಿತು.

ನಾವು ಮನೆಯಲ್ಲಿ ಮಾಡಬಹುದಾದ ಕೆಲಸಗಳು ಇವು:

1. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ರೇಷನ್‌ಗೆ ಅಥವಾ ಹಣಕ್ಕೆ ಹೋಗುವಾಗ ತೆರೆಯಿರಿ. ಇದಕ್ಕೆ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರಬೇಕು.

2. ಝೆರಾಕ್ಸ್ ಕೇಳಿದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

3. ಎರಡನೇ ಸಲ ಬೆರಳು ಒತ್ತಲು ಹೇಳಿದರೆ, ಮೊದಲನೆಯದು ಯಾಕೆ ಆಗಲಿಲ್ಲ ಎಂದು ಪರದೆ ನೋಡಿ ಕೇಳಿ. ಸಿಮ್ ಕೊಳ್ಳುವಾಗಲೂ ಅಷ್ಟೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಸಂಚಾರ್ ಸಾಥಿಯಲ್ಲಿ ನೋಡಬಹುದು.

4. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಓದು ಬಾರದವರನ್ನು ನಮ್ಮಲ್ಲಿ "ಹೆಬ್ಬೆಟ್ಟು" ಎಂದು ಹೀಯಾಳಿಸುವುದುಂಟು. ಈಗ ಓದಿದವರೂ ಹೆಬ್ಬೆಟ್ಟು ಒತ್ತುತ್ತಿದ್ದೇವೆ. ನಾವು ಕಾಮರ್ಸ್ ಓದುವವರು ವೋಚರ್ ಇಲ್ಲದೆ ಎಂಟ್ರಿ ಬರೆಯುವುದಿಲ್ಲ. ಮನೆಯ ಹಿರಿಯರ ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ನೋಡುವ ಕೆಲಸವನ್ನಾದರೂ ನಾವು ವಹಿಸಿಕೊಳ್ಳೋಣ. ನಮ್ಮ ಅಮ್ಮಿ ಈಗ ಬೆರಳು ಇಡುವ ಮೊದಲೇ ಕನ್ನಡದಲ್ಲಿ ಹೇಳುತ್ತಾರೆ: "ರಸೀದಿ ಕೊಡ್ರಿ."