ಹಳೆಯ ತಂತಿಯಲ್ಲಿ ಹೊಸ ಮಾತು

‘ಟ್ರಾನ್ಸ್‌ಮಿಟರ್ 12 ಮಿಲಿಆಂಪಿಯರ್ ಕೊಡುತ್ತಿದೆ. ಒತ್ತಡ ಎಷ್ಟು?’

ಇನ್‌ಸ್ಟ್ರುಮೆಂಟೇಶನ್ ಓದಿದವರಿಗೆ ಸಂದರ್ಶನದಲ್ಲಿ ಎದುರಾಗುವ ಹಳೆಯ ಪ್ರಶ್ನೆ ಇದು. ‘ರೇಂಜಿನ ಸರಿ ಅರ್ಧ’ ಎಂದರೆ ಉತ್ತರ ಮುಗಿಯಿತು. ನನ್ನನ್ನೂ ಇದನ್ನೇ ಕೇಳಿದ್ದರು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು: ‘ಆ ಟ್ರಾನ್ಸ್‌ಮಿಟರ್ ಹಾರ್ಟ್ ಎಷ್ಟನೇ ಆವೃತ್ತಿಯದು, ಹೇಗೆ ಗೊತ್ತು ಮಾಡ್ಕೋತೀರಿ?’ ಕಾಲೇಜಿನ ನೋಟ್ಸ್‌ನಲ್ಲಿ ಹಾರ್ಟ್ ಬಗ್ಗೆ ಇದ್ದದ್ದು ಅರ್ಧ ಪುಟ. ಆವೃತ್ತಿಯ ಮಾತು ಅದರಲ್ಲಿ ಇರಲಿಲ್ಲ. ಕೆಲಸಕ್ಕೆ ಸೇರಿ ಮೂರು ವರ್ಷವಾದ ಮೇಲೆ ಅನಿಸುತ್ತಿದೆ, ನಮ್ಮ ಭಾಗದ ಹುಡುಗ ಹುಡುಗಿಯರು ಮೊದಲು ತಿಳಿಯಬೇಕಾದದ್ದು ಈ ಎರಡನೇ ಪ್ರಶ್ನೆಯ ಉತ್ತರವನ್ನೇ.

ನಮ್ಮ ಭಾಗ ಎಂದು ಒತ್ತಿ ಹೇಳಲು ಕಾರಣವಿದೆ. ಕಲಬುರಗಿ ಜಿಲ್ಲೆಯ ನೆಲದಡಿ ಇರುವುದು ಸುಣ್ಣಕಲ್ಲು. ವಾಡಿ, ಮಳಖೇಡ, ಸೇಡಂ ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಅದರ ಮೇಲೆಯೇ. ಒಂದೊಂದು ಕಾರ್ಖಾನೆಯಲ್ಲೂ ಒತ್ತಡ, ಉಷ್ಣತೆ, ಹರಿವು, ಮಟ್ಟ ಅಳೆಯುವ ಸಾಧನಗಳು ಸಾಲುಗಟ್ಟಿ ನಿಂತಿವೆ. ಅವುಗಳ ಭಾಷೆ ಬಲ್ಲವರಿಗೆ ಮನೆಯ ಹತ್ತಿರವೇ ಕೆಲಸದ ದಾರಿಯೊಂದು ಇದೆ.

ಬಾಳೆ ತೋಟದ ಎರಡು ಮೀಟರ್

ನನ್ನ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವಾಗ ಸಿಗುವ, ಕೆಂಪು ಬಾಳೆಗೆ ಹೆಸರಾದ ಊರು. ನಾನು ಮಾಡುವ ಕೆಲಸ ಏನೆಂದು ಮನೆಯಲ್ಲಿ ವಿವರಿಸಲು ಕಾಕಾನ ತೋಟವೇ ನೆರವಾಯಿತು. ಅಲ್ಲಿನ ಹನಿ ನೀರಾವರಿ ಫಿಲ್ಟರಿನ ಹಿಂದೊಂದು ಮುಂದೊಂದು ಒತ್ತಡದ ಮೀಟರ್ ಇವೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚಾದರೆ ಫಿಲ್ಟರಿನಲ್ಲಿ ಕಸ ಕಟ್ಟಿದೆ ಎಂದರ್ಥ. ಕಾರ್ಖಾನೆಯ ಡಿಫರೆನ್ಶಿಯಲ್ ಪ್ರೆಶರ್ ಟ್ರಾನ್ಸ್‌ಮಿಟರ್ ಮಾಡುವುದೂ ಇದೇ ಕೆಲಸ. ಒಂದೇ ವ್ಯತ್ಯಾಸವೆಂದರೆ, ಕಾಕಾ ಮೀಟರಿನ ಹತ್ತಿರ ಹೋಗಿ ನೋಡುತ್ತಾರೆ. ನಮ್ಮಲ್ಲಿ ಮೀಟರೇ ಕಂಟ್ರೋಲ್ ರೂಮಿಗೆ ಸುದ್ದಿ ಕಳಿಸುತ್ತದೆ.

‘ಸುದ್ದಿ ಹ್ಯಾಂಗ ಕಳಸ್ತದಪಾ?’ ಎಂದು ಕಾಕಾ ಕೇಳಿದರು. ಎರಡು ತಂತಿಯ ಮೇಲೆ, 4ರಿಂದ 20 ಮಿಲಿಆಂಪಿಯರ್ ಕರೆಂಟಿನಲ್ಲಿ. ರೇಂಜಿನ ಕೆಳತುದಿಗೆ 4, ಮೇಲ್ತುದಿಗೆ 20, ನಡುವೆ 12. ಸೊನ್ನೆಯಿಂದ ಯಾಕೆ ಶುರುವಾಗುವುದಿಲ್ಲ? ತಂತಿ ಕಡಿದರೆ ಕರೆಂಟ್ ಸೊನ್ನೆಗೆ ಇಳಿಯುತ್ತದೆ. ಅಳತೆಯೇ ಸೊನ್ನೆಯೋ, ತಂತಿಯೇ ಕಡಿದಿದೆಯೋ ಎಂಬ ಗೊಂದಲ ಬರಬಾರದೆಂದು 4ರಿಂದ ಆರಂಭ. ಜೊತೆಗೆ ಆ 4 ಮಿಲಿಆಂಪಿಯರೊಳಗೇ ಸಾಧನ ತನ್ನ ಹೊಟ್ಟೆಯನ್ನೂ ತುಂಬಿಸಿಕೊಳ್ಳುತ್ತದೆ. ಬೇರೆ ಕರೆಂಟ್ ಲೈನ್ ಬೇಕಿಲ್ಲ.

ತೇರು ಮತ್ತು ಹಲಗೆ

ಈ ಪದ್ಧತಿಗೆ ಒಂದು ಕೊರತೆ ಇತ್ತು. ತಂತಿಯಲ್ಲಿ ಒಂದೇ ಸಂಖ್ಯೆ ಬರುತ್ತದೆ. ‘ನನ್ನ ಹೆಸರೇನು, ನನ್ನ ರೇಂಜ್ ಎಷ್ಟು, ನನ್ನ ಸೆನ್ಸರ್ ಕೆಟ್ಟಿದೆ’ ಎಂದು ಸಾಧನ ಹೇಳಲಾರದು. 1980ರ ದಶಕದಲ್ಲಿ ಅಮೆರಿಕದ ರೋಸ್‌ಮೌಂಟ್ ಕಂಪನಿ ಇದಕ್ಕೆ ಉಪಾಯ ಹುಡುಕಿತು. ಅದೇ ಹಾರ್ಟ್. ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಹೈವೇ ಅಡ್ರೆಸೆಬಲ್ ರಿಮೋಟ್ ಟ್ರಾನ್ಸ್‌ಡ್ಯೂಸರ್’ ಎಂಬುದರ ಮೊದಲಕ್ಷರಗಳು. 1986ರಲ್ಲಿ ಇದನ್ನು ಎಲ್ಲ ಕಂಪನಿಗಳಿಗೂ ಮುಕ್ತಗೊಳಿಸಲಾಯಿತು.

ಉಪಾಯ ಸರಳ. 4–20ರ ಕರೆಂಟಿನ ಮೇಲೆ ಅರ್ಧ ಮಿಲಿಆಂಪಿಯರ್ ಮೇಲೆ ಕೆಳಗೆ ತೂಗುವ ಸಣ್ಣ ಅಲೆಯೊಂದನ್ನು ಕೂರಿಸುವುದು. ಸೆಕೆಂಡಿಗೆ 1200 ಸಲ ತೂಗಿದರೆ ‘1’, 2200 ಸಲ ತೂಗಿದರೆ ‘0’. ದೂರವಾಣಿ ಮೋಡೆಮ್‌ಗಳಿಗೆಂದು ಇದ್ದ ‘ಬೆಲ್ 202’ ಪದ್ಧತಿಯ ಬಳಕೆ ಇದು. ಅಲೆಯ ಸರಾಸರಿ ಸೊನ್ನೆಯಾದ್ದರಿಂದ ಮೂಲ ಅಳತೆ ಅಲುಗುವುದಿಲ್ಲ. ಶರಣಬಸವೇಶ್ವರ ಜಾತ್ರೆ ನೋಡಿದವರಿಗೆ ಹೀಗೆ ಹೇಳಬಹುದು: ಹಲಗೆ ಎಷ್ಟೇ ಜೋರಾಗಿ ಬಾರಿಸಿದರೂ ತೇರಿನ ದಾರಿ ಬದಲಾಗುವುದಿಲ್ಲ. ತೇರು ಕರೆಂಟ್, ಹಲಗೆ ಹಾರ್ಟ್.

ವೇಗ ಸೆಕೆಂಡಿಗೆ 1200 ಬಿಟ್ ಮಾತ್ರ. ಮೊಬೈಲ್ ಕಾಲದಲ್ಲಿ ಇದು ಎತ್ತಿನ ಗಾಡಿಯೇ ಸರಿ. ಹಾಗಾಗಿ ವಾಲ್ವ್, ಫ್ಯಾನ್ ನಿಯಂತ್ರಣವೆಲ್ಲ ಸಾಮಾನ್ಯವಾಗಿ ಕರೆಂಟಿನ ಮೇಲೆಯೇ ನಡೆಯುತ್ತದೆ. ಹಾರ್ಟ್ ಉಪಯೋಗ ಇರುವುದು ಸೆಟ್ಟಿಂಗ್, ತಪಾಸಣೆ, ದುರಸ್ತಿಗೆ.

ಐದು, ಆರು, ಏಳು

ಎಲ್ಲ ಭಾಷೆಯಂತೆ ಹಾರ್ಟ್ ಕೂಡ ಬೆಳೆಯುತ್ತ ಬಂತು. 1989ರ ಐದನೇ ಆವೃತ್ತಿ ಬಹುಕಾಲ ನಡೆಯಿತು. ಹಳೆಯ ಕಾರ್ಖಾನೆಗಳಲ್ಲಿ ಇಂದೂ ಸಿಗುತ್ತದೆ. ಅದರಲ್ಲಿ ಸಾಧನದ ಹೆಸರು, ಅಂದರೆ ಟ್ಯಾಗ್, ಎಂಟೇ ಅಕ್ಷರ. ಒಂದೇ ಜೋಡಿ ತಂತಿಗೆ ಹಲವು ಸಾಧನ ಕಟ್ಟುವುದಾದರೆ ಹದಿನೈದೇ ವಿಳಾಸ.

2001ರ ಆರನೇ ಆವೃತ್ತಿ 32 ಅಕ್ಷರಗಳ ಉದ್ದ ಟ್ಯಾಗ್ ಕೊಟ್ಟಿತು, ವಿಳಾಸಗಳನ್ನು 63ಕ್ಕೆ ಏರಿಸಿತು. ಅಳತೆಯ ಜೊತೆಗೆ ‘ಈ ಅಳತೆ ನಂಬಬಹುದೇ’ ಎಂಬ ಸ್ಥಿತಿಯನ್ನೂ ಹೆಚ್ಚು ಸ್ಪಷ್ಟವಾಗಿ ತಿಳಿಸುವ ವ್ಯವಸ್ಥೆ ಬಂತು.

2007ರ ಏಳನೇ ಆವೃತ್ತಿ ತಂತಿಯನ್ನೇ ಬಿಟ್ಟು ನಡೆಯಲು ಕಲಿತಿತು. ವೈರ್‌ಲೆಸ್‌ಹಾರ್ಟ್ ಬಂದದ್ದು ಇದರಲ್ಲೇ. 2010ರಲ್ಲಿ ಅದು ಐಇಸಿ 62591 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅಳತೆಗೆ ಸಮಯದ ಮುದ್ರೆ ಒತ್ತುವುದು, ಏನಾದರೂ ಘಟಿಸಿದಾಗ ಸಾಧನವೇ ಸುದ್ದಿ ಮುಟ್ಟಿಸುವುದು ಇವೆಲ್ಲ ಏಳರ ಕೊಡುಗೆ.

ಇಷ್ಟೆಲ್ಲ ಬದಲಾದರೂ ತಂತಿಯ ಮೇಲಿನ 4–20 ಬದಲಾಗಲಿಲ್ಲ. ಹಳೆಯ ಕೇಬಲ್ ಕಿತ್ತು ಹಾಕದೆ ಹೊಸ ಸಾಧನ ಕೂರಿಸಬಹುದು. ಹಾರ್ಟ್ ಇಷ್ಟು ವರ್ಷ ಬಾಳಿರುವುದರ ದೊಡ್ಡ ಗುಟ್ಟು ಇದೇ ಎಂದು ನನಗನಿಸುತ್ತದೆ.

ಶಟ್‌ಡೌನ್ ಕಲಿಸಿದ್ದು

ಗುಟ್ಟು ತಿಳಿದರೆ ಸಾಲದು, ಅದರ ಮಿತಿಯೂ ತಿಳಿದಿರಬೇಕು. ಒಮ್ಮೆ ಇಟ್ಟಿಗೆ ಲೈನಿಂಗ್ ಕೆಲಸಕ್ಕಾಗಿ ಕಿಲ್ನ್ ನಿಲ್ಲಿಸಿದ್ದರು. ಆ ಬಿಡುವಿನಲ್ಲಿ ಪ್ರೀಹೀಟರ್ ಸೈಕ್ಲೋನಿನ ಹಳೆಯ ಪ್ರೆಶರ್ ಟ್ರಾನ್ಸ್‌ಮಿಟರ್ ಬದಲಿಸಬೇಕಿತ್ತು. ಸೈಕ್ಲೋನ್ ಕಟ್ಟಿಕೊಳ್ಳತೊಡಗಿದರೆ ಸುಳಿವು ಕೊಡುವುದು ಈ ಒತ್ತಡವೇ. ಸ್ಟೋರಿನಿಂದ ಹೊಸದು ಬಂತು, ಕೂರಿಸಿದೆವು. ಕಂಟ್ರೋಲ್ ರೂಮಿನಲ್ಲಿ ಅಳತೆ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಮೇಂಟೆನೆನ್ಸ್ ಕಂಪ್ಯೂಟರ್ ಮಾತ್ರ ಸಾಧನವನ್ನು ಗುರುತಿಸಲೊಲ್ಲದು. ಕೇಬಲ್ ಪರೀಕ್ಷೆ ಆಯಿತು, ಟರ್ಮಿನಲ್ ಬಿಗಿ ಮಾಡಿದ್ದಾಯಿತು. ‘ಪೀಸೇ ಕೆಟ್ಟದ್ದು, ವಾಪಸ್ ಕಳಿಸೋಣ’ ಎಂಬ ಮಾತೂ ಬಂತು. ಬದಲಿ ಬರುವಷ್ಟು ದಿನ ಕಿಲ್ನ್ ಕಾಯುವುದಿಲ್ಲ.

ಐಟಿಐ ಓದಿ ಬಂದು ಕೂದಲು ಬೆಳ್ಳಗಾದ ನಮ್ಮ ಹಿರಿಯ ಟೆಕ್ನಿಷಿಯನ್ ಎಲ್ಲ ಕೇಳಿಸಿಕೊಂಡು ಹೇಳಿದರು: ‘ತಮ್ಮಾ, ಕಂಪ್ಯೂಟರೂ ಕೆಟ್ಟಿಲ್ಲ, ಪೀಸೂ ಕೆಟ್ಟಿಲ್ಲ. ಇಬ್ಬರ ಮಾತು ಬ್ಯಾರೆ ಅದ. ಮೊದಲ ರಿವಿಜನ್ ನೋಡು.’

ಹ್ಯಾಂಡ್‌ಹೆಲ್ಡ್ ಕಮ್ಯುನಿಕೇಟರ್ ಜೋಡಿಸಿ ನೋಡಿದೆ. ‘ಯೂನಿವರ್ಸಲ್ ರಿವಿಜನ್ 7’ ಎಂದು ತೋರಿಸಿತು. ನಮ್ಮ ಹಳೆಯ ವ್ಯವಸ್ಥೆಗೆ ತಿಳಿದದ್ದು ಐದರವರೆಗೆ ಮಾತ್ರ. ಕೆಲವು ತಯಾರಕರ ಟ್ರಾನ್ಸ್‌ಮಿಟರ್‌ಗಳಲ್ಲಿ ಐದು ಅಥವಾ ಏಳು ಎಂದು ಆರಿಸಿಕೊಳ್ಳುವ ಅನುಕೂಲವಿರುತ್ತದೆ, ಇದರಲ್ಲೂ ಇತ್ತು. ಐದಕ್ಕೆ ಬದಲಿಸಿದ ಮೇಲೆ ಕಂಪ್ಯೂಟರಿನ ಪಟ್ಟಿಯಲ್ಲಿ ಅದರ ಟ್ಯಾಗ್ ಮೂಡಿತು. ಒಳ್ಳೆಯ ಸಾಧನವೊಂದು ‘ಕೆಟ್ಟದ್ದು’ ಎಂಬ ಚೀಟಿ ಹೊತ್ತು ವಾಪಸ್ ಹೋಗುವುದು ತಪ್ಪಿತು.

ಇಲ್ಲಿ ಗಮನಿಸಬೇಕಾದ ಎರಡು ಸಂಖ್ಯೆಗಳಿವೆ. ‘ಯೂನಿವರ್ಸಲ್ ರಿವಿಜನ್’ ಎಂದರೆ ಹಾರ್ಟ್ ಭಾಷೆಯ ಆವೃತ್ತಿ. ‘ಡಿವೈಸ್ ರಿವಿಜನ್’ ಎಂದರೆ ಆ ತಯಾರಕರ ಆ ಮಾದರಿಯ ಆವೃತ್ತಿ. ಎರಡನೆಯದಕ್ಕೆ ಹೊಂದುವ ಡಿಡಿ ಫೈಲ್, ಅಂದರೆ ಸಾಧನದ ವಿವರಣೆಯ ಕಡತ, ಕಮ್ಯುನಿಕೇಟರಿನಲ್ಲಿ ಇಲ್ಲದಿದ್ದರೆ ಮೂಲ ಮಾಹಿತಿಯಷ್ಟೇ ಸಿಗಬಹುದು. ವಿಶೇಷ ಮೆನುಗಳು ತೆರೆಯುವುದಿಲ್ಲ. ಇವೆರಡನ್ನು ಬೇರೆ ಬೇರೆಯಾಗಿ ಹೇಳಬಲ್ಲವರು ಸಂದರ್ಶನದಲ್ಲಿ ಎದ್ದು ಕಾಣುತ್ತಾರೆ.

ಹೊಸದು ಬರುತ್ತಿದೆ, ಹಳೆಯದು ಹೋಗಿಲ್ಲ

ಹಾರ್ಟ್ ಒಂದೇ ಅಲ್ಲ. 1979ರಲ್ಲಿ ಬಂದ ಮೋಡ್‌ಬಸ್ ಇಂದಿಗೂ ಎನರ್ಜಿ ಮೀಟರ್, ಡ್ರೈವ್‌ಗಳಲ್ಲಿ ಸಿಗುತ್ತದೆ. ಪ್ರೊಫಿಬಸ್, ಫೌಂಡೇಶನ್ ಫೀಲ್ಡ್‌ಬಸ್ ಪೂರ್ತಿ ಡಿಜಿಟಲ್ ದಾರಿ ಹಿಡಿದವು. 2021ರಲ್ಲಿ ಈಥರ್ನೆಟ್-ಎಪಿಎಲ್ ಬಂತು. ರೇಷನ್ ಕಾರ್ಡಿನ ಎಪಿಎಲ್ ಅಲ್ಲ. ಎರಡೇ ತಂತಿಯಲ್ಲಿ ಸಾಧನಕ್ಕೆ ವಿದ್ಯುತ್ತನ್ನೂ, ಸೆಕೆಂಡಿಗೆ ಒಂದು ಕೋಟಿ ಬಿಟ್ ವೇಗದಲ್ಲಿ ಮಾಹಿತಿಯನ್ನೂ ಸಾಗಿಸುವ ಹೊಸ ಪದ್ಧತಿ.

ಹಾಗೆಂದು ಹೊಸದನ್ನು ಮಾತ್ರ ಓದಿದರೆ ನಡೆಯದು. ಕಾರ್ಖಾನೆಯಲ್ಲಿ ಮೂರು ಕಾಲದ ಸಾಧನಗಳು ಒಂದೇ ಸೂರಿನಡಿ ಇರುತ್ತವೆ. ಹಳೆಯದನ್ನು ಹೊಸದರ ಜೊತೆ ಮಾತಾಡಿಸುವವರೇ ಅಲ್ಲಿ ಬೇಕಾದವರು.

ಓದುತ್ತಿರುವವರಿಗೆ

ಊರಿಗೆ ಹೋದಾಗಲೆಲ್ಲ ಕಮಲಾಪುರದ ಹುಡುಗರು ಕೇಳುತ್ತಾರೆ: ‘ಅಣ್ಣಾ, ಡಿಪ್ಲೊಮಾ ಆಗ್ಯದ. ಪುಣೆಗೆ ಹೋಗ್ಲೋ, ಹೈದರಾಬಾದಿಗೆ ಹೋಗ್ಲೋ?’ ಎಲ್ಲಿಗಾದರೂ ಹೋಗಿ, ಆದರೆ ಕೈಯಲ್ಲಿ ಇಷ್ಟನ್ನು ಇಟ್ಟುಕೊಂಡು ಹೋಗಿ ಎನ್ನುತ್ತೇನೆ.

ಮೊದಲನೆಯದು, 4–20 ಲೆಕ್ಕ ಬಾಯಿಪಾಠವಾಗಿರಲಿ. 8 ಮಿಲಿಆಂಪಿಯರ್ ಎಂದರೆ ಶೇ 25, 16 ಎಂದರೆ ಶೇ 75 ಎಂದು ಯೋಚಿಸದೆ ಬರಬೇಕು.

ಎರಡನೆಯದು, ಕಾಲೇಜು ಲ್ಯಾಬಿನಲ್ಲಿ 24 ವೋಲ್ಟ್ ಸಪ್ಲೈ, ಒಂದು ಟ್ರಾನ್ಸ್‌ಮಿಟರ್, 250 ಓಮ್ ರೆಸಿಸ್ಟರ್, ಮಲ್ಟಿಮೀಟರ್ ಇದ್ದರೆ ಲೂಪ್ ಕಟ್ಟಿ ನೋಡಿ. ಆ ರೆಸಿಸ್ಟರ್ ತೆಗೆದರೆ ಕರೆಂಟ್ ಸರಿಯಿದ್ದರೂ ಹಾರ್ಟ್ ಮಾತು ನಿಲ್ಲಬಹುದು. ಹಾರ್ಟ್ ಅಲೆ ಕೇಳಿಸಲು ಲೂಪಿನಲ್ಲಿ ಅಷ್ಟು ಪ್ರತಿರೋಧ ಬೇಕು. ಯಾಕೆ ಎಂದು ಮೇಷ್ಟ್ರನ್ನು ಕೇಳಿ, ಸ್ನೇಹಿತರೊಡನೆ ವಾದ ಮಾಡಿ.

ಮೂರನೆಯದು, ಇಂಟರ್ನ್‌ಶಿಪ್‌ಗೆ ಹೋದರೆ ಕಂಟ್ರೋಲ್ ರೂಮಿನ ಎ.ಸಿ.ಯಲ್ಲೇ ಕೂರಬೇಡಿ. ಹೆಲ್ಮೆಟ್ ಹಾಕಿಕೊಂಡು ಟೆಕ್ನಿಷಿಯನ್ ಬೆನ್ನು ಹತ್ತಿ. ಸಾಧನದ ನಾಮಫಲಕ ಓದಿ. ಮಾದರಿ, ರೇಂಜ್, ರಿವಿಜನ್ ಬರೆದುಕೊಳ್ಳಿ.

ನಾಲ್ಕನೆಯದು ಸುರಕ್ಷತೆ. ಕಮ್ಯುನಿಕೇಟರಿನಲ್ಲಿ ‘ಲೂಪ್ ಟೆಸ್ಟ್’ ಒತ್ತಿದರೆ ಸಾಧನ ನಿಜವಾದ ಅಳತೆ ಬಿಟ್ಟು ನೀವು ಹೇಳಿದ ಕರೆಂಟ್ ಕೊಡುತ್ತದೆ. ಕಂಟ್ರೋಲ್ ರೂಮಿಗೆ ತಿಳಿಸಿ, ಲೂಪನ್ನು ಮ್ಯಾನ್ಯುಯಲ್‌ಗೆ ಹಾಕಿಸದೆ ಅದನ್ನು ಮುಟ್ಟಬಾರದು. ಸುಳ್ಳು ಅಳತೆ ನಂಬಿ ದೊಡ್ಡ ಫ್ಯಾನೊಂದು ನಿಂತರೆ, ಅದರ ಹಿಂದೆ ಇಡೀ ಸಾಲು ನಿಲ್ಲಬಹುದು.

ಇವುಗಳಿಗೆ ದುಬಾರಿ ಕೋರ್ಸ್ ಬೇಕಿಲ್ಲ. ಸಾಧನಗಳ ಮ್ಯಾನ್ಯುಯಲ್‌ಗಳನ್ನು ಹಲವು ತಯಾರಕರು ಉಚಿತವಾಗಿಯೇ ಕೊಡುತ್ತಾರೆ. ಇಂಗ್ಲಿಷ್ ಕಷ್ಟವೆನಿಸಿದರೆ ದಿನಕ್ಕೆ ಎರಡು ಪುಟ ಓದಿ, ಅರ್ಥವಾದದ್ದನ್ನು ಕನ್ನಡದಲ್ಲಿ ಬರೆದಿಡಿ. ನಾನು ಹಾಗೆ ಬರೆದ ನೋಟ್‌ಬುಕ್ ಈಗ ನನ್ನ ನಂತರ ಸೇರಿದ ಇಬ್ಬರ ಕೈ ದಾಟಿದೆ. ಅದರ ಮೊದಲ ಪುಟದಲ್ಲಿ ನಮ್ಮ ಹಿರಿಯರ ಮಾತೇ ಇದೆ: ಕೆಟ್ಟಿದೆ ಅನ್ನುವ ಮೊದಲ ರಿವಿಜನ್ ನೋಡು.