ಬದರಿ ಯಾತ್ರಿಕರ ಪೈಲಟ್ ಹರಿಕೇನ್ ಏರಿದ ಬಗೆ

ಯುದ್ಧ ಪೈಲಟ್‌ಗಳನ್ನು ತಯಾರಿಸುತ್ತದೆ, ಯುದ್ಧ ಮುಗಿದ ಮೇಲೆ ನಾಗರಿಕ ವಿಮಾನಯಾನ ಅವರಿಂದ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಹರಿಕೇನ್ ಯುದ್ಧವಿಮಾನ ಹಾರಿಸಿದ ಮಹಿಂದರ್ ಸಿಂಗ್ ಪುಜ್ಜಿ ಅವರ ಬದುಕು ಇದನ್ನು ತಿರುವುಮುರುವು ಮಾಡುತ್ತದೆ. 1918ರಲ್ಲಿ ಶಿಮ್ಲಾದಲ್ಲಿ ಹುಟ್ಟಿದ ಪುಜ್ಜಿ ಹಾರಾಟ ಕಲಿತದ್ದು ದೆಹಲಿ ಫ್ಲೈಯಿಂಗ್ ಕ್ಲಬ್ಬಿನಲ್ಲಿ. 1937ರಲ್ಲಿ ಲೈಸೆನ್ಸ್ ಸಿಕ್ಕಿತು. ಮೊದಲ ನೌಕರಿ ಹಿಮಾಲಯ ಏರ್‌ವೇಸ್‌ನಲ್ಲಿ, ಹರಿದ್ವಾರದಿಂದ ಬದರಿಯ ಕಡೆ ಹೊರಟ ಯಾತ್ರಿಕರನ್ನು ಕರೆದೊಯ್ಯುವುದು. ಆಮೇಲೆ ಬರ್ಮಾ ಶೆಲ್ ಕಂಪನಿಯಲ್ಲಿ ವಿಮಾನಗಳಿಗೆ ಇಂಧನ ತುಂಬಿಸುವ ಉಸ್ತುವಾರಿ. ಸಮವಸ್ತ್ರ ತೊಡುವ ಮೊದಲೇ ಅವರು ವಿಮಾನದಿಂದ ಅನ್ನ ಸಂಪಾದಿಸಿದ್ದರು.

ಕ್ಲಬ್ಬಿನ ಪುಟ್ಟ ವಿಮಾನವೆಲ್ಲಿ, ಸಾವಿರ ಅಶ್ವಶಕ್ತಿ ಮೀರಿದ ಮರ್ಲಿನ್ ಎಂಜಿನ್ನಿನ ಹರಿಕೇನ್ ಎಲ್ಲಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಗುಂಪಾಗಿ ಹಾರುವುದು, ಹಾರುತ್ತಲೇ ಗುರಿಯಿಟ್ಟು ಗುಂಡಿಕ್ಕುವುದು, ಇವನ್ನೆಲ್ಲ ಕಲಿಸಿದ್ದು ವಾಯುಪಡೆ. ಆದರೆ ಪೈಲಟ್‌ಗಳಿಗೆ ತೀವ್ರ ಅಭಾವವಿದ್ದ 1940ರಲ್ಲಿ ರಾಯಲ್ ಏರ್ ಫೋರ್ಸ್ ಭಾರತದಿಂದ ಕರೆಸಿಕೊಂಡ, ಪುಜ್ಜಿಯೂ ಸೇರಿದ್ದ 24 ಮಂದಿಯೂ ಹಾರಾಟ ಬಲ್ಲವರೇ. ಏನೂ ಅರಿಯದವನನ್ನು ಪಳಗಿಸಲು ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳನ್ನು ಉಳಿಸಿಕೊಟ್ಟದ್ದು ಇಲ್ಲಿನ ಫ್ಲೈಯಿಂಗ್ ಕ್ಲಬ್ಬುಗಳು. ಪುಜ್ಜಿ ತಮ್ಮ ರೂಢಿಗಳನ್ನೂ ಬಿಟ್ಟುಕೊಡಲಿಲ್ಲ. ಹೆಲ್ಮೆಟ್ ಹಾಕದೆ ಪೇಟದಲ್ಲೇ ಹಾರಿದರು, ಇಯರ್‌ಫೋನ್ ಜಾರದಂತೆ ಪಟ್ಟಿಯೊಂದನ್ನು ಮಾಡಿಸಿಕೊಂಡರು, ವಿಮಾನ ಬಿದ್ದರೆ ಇರಲಿ ಎಂದು ಇನ್ನೊಂದು ಪೇಟ ಜೊತೆಗಿಟ್ಟುಕೊಂಡರು. ಗುಂಡೇಟು ತಿಂದ ವಿಮಾನ ಇಂಗ್ಲೆಂಡಿನ ನೆಲಕ್ಕೆ ಅಪ್ಪಳಿಸಿದಾಗ ತಲೆ ಉಳಿಸಿದ್ದು ಅದೇ ಪೇಟದ ಮಡಿಕೆಗಳು. ಬಟ್ಟೆಯೆಲ್ಲ ರಕ್ತದಲ್ಲಿ ತೊಯ್ದಿತ್ತು. ಮುಂದೆ ಉತ್ತರ ಆಫ್ರಿಕಾ, ಬಳಿಕ ಬರ್ಮಾದ ಕಾಡುಗುಡ್ಡಗಳ ಮೇಲೆ ತಗ್ಗಿನಲ್ಲಿ ಹಾರಿ ಶತ್ರುವಿನ ಜಾಡು ಹುಡುಕುವ ಕೆಲಸ. ಹಿಮಾಲಯದ ಕಣಿವೆಗಳಲ್ಲಿ ಹಾರಿದವರಿಗೆ ಆ ಬಗೆಯ ನೆಲ ಹೊಸದೇನಲ್ಲ. 1945ರಲ್ಲಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು.

ಯುದ್ಧಾನಂತರ ಕ್ಷಯರೋಗ ಕಾಡಿತು. ಚೇತರಿಸಿಕೊಂಡು ಭಾರತದಲ್ಲೇ ಏರೊಡ್ರೋಮ್ ಅಧಿಕಾರಿಯಾದರು. ಕಾದಾಡಿದ ವೀರನಿಗೆ ಇದು ಸಪ್ಪೆ ಹುದ್ದೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ವಿಮಾನಗಳು ಸುರಕ್ಷಿತವಾಗಿ ಏರಿ ಇಳಿಯುವಂತೆ ನೋಡಿಕೊಳ್ಳುವುದೇ ಅವರು 1937ರಲ್ಲಿ ಆರಿಸಿಕೊಂಡ ವೃತ್ತಿಯ ತಿರುಳು, ಯುದ್ಧ ನಡುವೆ ಬಂದುಹೋಯಿತು. ಬ್ರಿಟನ್ನಿನ ಗ್ರೇವ್ಸೆಂಡ್ ಪಟ್ಟಣದಲ್ಲಿ 2014ರಲ್ಲಿ ನಿಂತ ಅವರ ಪ್ರತಿಮೆ ಯೋಧನನ್ನು ಗೌರವಿಸುತ್ತದೆ, ಸರಿಯೇ. ಭಾರತೀಯ ಪೈಲಟ್‌ಗಳ ಚರಿತ್ರೆ ಬರೆಯುವವರು ಮಾತ್ರ ದಯವಿಟ್ಟು 1940ರಿಂದ ಶುರು ಮಾಡಬೇಡಿ, ಫ್ಲೈಯಿಂಗ್ ಕ್ಲಬ್ಬುಗಳಿಂದ ಶುರು ಮಾಡಿ.